ಮುಚ್ಚಿದ ಗೇಟಿನ ಮುಂದೆ

ಮಂದ್, ಬಲೂಚಿಸ್ತಾನ
ನವೆಂಬರ್ ೯

ಪ್ರೀತಿಯ ಸಬ್ಜಲ್ ಅಣ್ಣನಿಗೆ,

ನಿನ್ನ ಬೆನ್ನುನೋವು ಕಡಿಮೆಯಾಯಿತೇ? ಮಸ್ಕತ್ತಿನ ಬಂದರಿನಲ್ಲಿ ಈಗಲೂ ಮೂಟೆಯನ್ನೇ ಹೊರಿಸುತ್ತಾರೆಯೇ? ಅಮ್ಮ ಗಟ್ಟಿಯಾಗಿದ್ದಾಳೆ. ಅಪ್ಪ ಎದ್ದು ಕೂರುತ್ತಾರೆ. ಉಸಿರೆಳೆದಾಗ ಮಾತ್ರ ಪಕ್ಕೆ ಹಿಡಿದುಕೊಳ್ಳುತ್ತಾರೆ. ಯಾಕೆಂದು ಹೇಳುತ್ತೇನೆ.

ಕಳೆದ ತಿಂಗಳು ನಮ್ಮ ಶಾಹದಾದ್, ಗಾಜಿಯಾನ್ ಮಾವನ ಜೊತೆ ಪೆಟ್ರೋಲ್ ತರಲು ಇರಾನಿನ ಕಡೆ ಹೋಗಿದ್ದ. ನೀನು ಊರು ಬಿಟ್ಟಾಗ ನಿನ್ನ ಹೆಗಲೇರಿ ಕೂರುತ್ತಿದ್ದ ತಮ್ಮ ಈಗ ಪಿಕಪ್ ಓಡಿಸುವಷ್ಟು ದೊಡ್ಡವನು. ಪೀಪಾಯಿ ತುಂಬಿಸಿಕೊಂಡು ವಾಪಸು ಬರುವಾಗ ಆ ಕಡೆಯ ಕಾವಲಿನವರು ಗಡಿಯ ಗೇಟು ಮುಚ್ಚಿದ್ದರು. ಬಿಸಿಲಲ್ಲಿ ಗಾಡಿಗಳು ಸಾಲಾಗಿ ನಿಂತವು, ಕುಡಿಯುವ ನೀರು ಮುಗಿಯಿತು. ಮಾವ ಎರಡೂ ಕೈ ಮೇಲೆತ್ತಿ ನಡೆದು ಹೋಗಿ, "ಎಣ್ಣೆ ಬೇಕಾದ್ರೆ ನೀವೇ ಇಟ್ಕೊಳ್ಳಿ, ಹುಡುಗರಿಗೆ ನೀರು ಕೊಡಿ" ಎಂದರಂತೆ. ಕಾವಲಿನವರು ಮಾವನ ಹೊಟ್ಟೆಗೇ ಗುಂಡು ಹೊಡೆದರು. ಇನ್ನೊಂದು ಗುಂಡು ಮಾವನ ಪಿಕಪ್ಪಿಗೆ ಬಿದ್ದು ಬೆಂಕಿ ಹತ್ತಿತು. ಶಾಹದಾದ್ ಉರಿಯುತ್ತಿದ್ದ ಅದೇ ಗಾಡಿಗೆ ಹತ್ತಿ, ಕಾವಲು ಕೋಣೆಗೆ ನೇರ ನುಗ್ಗಿಸಿದ. ಕೊನೆಗೆ ಹಾರಿದನೋ, ಬಿದ್ದನೋ, ನೋಡಿದವರಿಗೂ ತಿಳಿಯದು. ಒಳಗಿದ್ದ ಇಬ್ಬರು ಸುಟ್ಟುಹೋದರು. ಅವರಲ್ಲೊಬ್ಬ ನಮ್ಮ ಬಲೂಚಿಯಲ್ಲೇ ಅಮ್ಮನನ್ನು ಕೂಗುತ್ತಿದ್ದನಂತೆ. ಅದನ್ನು ಕೇಳಿ ಅಮ್ಮ ಅವನಿಗಾಗಿಯೂ ಅತ್ತಳು. ನನಗೆ ಅಳು ಬರಲಿಲ್ಲ ಅಣ್ಣ. ಮಾವನ ಹೆಣ ತೊಳೆದ ಮನೆಯಲ್ಲಿ ನೆಲ ಉಜ್ಜಿದವಳು ನಾನು.

ವಾರ ಕಳೆಯುವಷ್ಟರಲ್ಲಿ ಈ ಕಡೆಯ ಬಂದೂಕಿನವರು ಮನೆಗೆ ಬಂದರು. ಅಪ್ಪನನ್ನು ಅಂಗಳಕ್ಕೆ ಎಳೆದು, "ಮಗ ಎಲ್ಲೋ, ಮುದುಕ?" ಎನ್ನುತ್ತಾ ಬೂಟುಗಾಲಲ್ಲಿ ಒದ್ದು ಪಕ್ಕೆಲುಬು ಮುರಿದರು. ಅಪ್ಪ ರಕ್ತ ಉಗುಳಿ, "ಅವನ ಮಾವನ ಪಕ್ಕದಲ್ಲೇ ಹೂತಿದೀನಿ. ಅನುಮಾನ ಇದ್ರೆ ಅಗೆದು ನೋಡ್ರಿ" ಎಂದರು. ಬಂದವರು ಗುದ್ದಲಿ ಹಿಡಿದು ನಿಜವಾಗಿಯೂ ಗೋರಿಗಳ ಕಡೆ ಹೊರಟರು. ಅಲ್ಲಿ ಹೊಸ ಗೋರಿಗಳು ಎರಡಿದ್ದವು. ಅಮ್ಮ ಓಡಿ ಹೋಗಿ ಒಂದರ ಮೇಲೆ ಅಂಗಾತ ಮಲಗಿ, "ಮೊದಲು ನನ್ನ ಹೊಟ್ಟೆ ಅಗೀರಿ, ಆಮೇಲೆ ಮಣ್ಣು" ಎಂದಳು. ಗುದ್ದಲಿ ಎತ್ತಿದವನು ಅಮ್ಮನ ಮುಖ ನೋಡಿ ಇಳಿಸಿದ. ಹೋಗುವಾಗ ನಮ್ಮ ಎರಡು ಮೇಕೆಗಳಿಗೆ ಗುಂಡು ಹೊಡೆದು ಹೋದರು.

ನೀನು ಈಗ ಊರಿಗೆ ಬರಬೇಡ. ಅಪ್ಪ ಅಮ್ಮ ದಿನವೂ ನಿನಗಾಗಿ ದುವಾ ಮಾಡುತ್ತಾರೆ.

ನಿನ್ನ ತಂಗಿ,
ಹಾತೂನ್

ಮರೆಯುವ ಮೊದಲು: ಅಮ್ಮ ಮಲಗಿದ ಗೋರಿ ಖಾಲಿ. ಈ ಪತ್ರ ತಂದವನನ್ನು ದೋಣಿಯ ಆಳು ಎಂದುಕೊಂಡು ಬಾಗಿಲಿಂದಲೇ ಕಳಿಸಿಬಿಡಬೇಡ. ಮುಖ ಬೆಂದಿದೆ, ಗುರುತು ಸಿಗುವುದಿಲ್ಲ. ಅಂದಿನಿಂದ ಮಾತೂ ಆಡಿಲ್ಲ. ಬೆರಳು ಮಡಚಲು ಬರುವುದಿಲ್ಲ ಅಣ್ಣ, ಒಳಗೆ ಕರೆದು ನೀನೇ ತುತ್ತು ತಿನ್ನಿಸು.