ತಿಳಿಸಬೇಕಾದವರ ಹೆಸರು

೨೧೪೭, ಫೆಬ್ರವರಿ ೩೦

ಪ್ರೀತಿಯ ನೀಲವ್ವನವರಿಗೆ,

ಕನ್ನಡಿಗೆ ಉಸಿರು ಊದಿ ಒರೆಸುವುದು ನನ್ನ ಅಭ್ಯಾಸ. ಹೋದ ತಿಂಗಳು ಅಂಗೈಯಗಲ ಮೂಡುತ್ತಿದ್ದ ಮಬ್ಬು ಈ ಬೆಳಿಗ್ಗೆ ನಾಣ್ಯದಷ್ಟಿತ್ತು. ಒರೆಸದೆ, ಅದು ತಾನಾಗಿ ಆರುವವರೆಗೆ ನಿಂತೆ.

ಮೇಲಿನ ತಾರೀಕು ತಪ್ಪಲ್ಲ. ಈಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಪುಸ್ತಕಗಳಿಂದ, ಆಮೇಲೆ ನಿಮ್ಮಿಂದ. ಸಾಹಿತ್ಯ ಓದಿದ ನನಗೆ ಆಸ್ಪತ್ರೆಯ ಹಳೆಯ ದಾಖಲೆಗಳ ಕೋಣೆಯಲ್ಲಿ ಕೆಲಸ ಸಿಕ್ಕಿದ್ದು ಕೈಬರಹ ಓದಬಲ್ಲೆನೆಂಬ ಒಂದೇ ಕಾರಣಕ್ಕೆ. ಗದಗಿನ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದ, ಒಂದು ಬೀಡಿಯನ್ನೂ ಮುಟ್ಟದೆ ಶ್ವಾಸಕೋಶದ ಕ್ಯಾನ್ಸರ್ ಬಂದ ನೀಲವ್ವ ಪತ್ತಾರ ನನಗೆ ಸಿಕ್ಕಿದ್ದು ಅಲ್ಲೇ, ೨೦೨೬ರ ಒಂದು ಫೈಲಿನಲ್ಲಿ.

ಆಗ ಹೊಸದಾಗಿದ್ದ ನಿಮ್ಮ ಮದ್ದನ್ನು ನಾವು ‘ವಿಳಾಸಮದ್ದು’ ಎನ್ನುತ್ತೇವೆ: ರೋಗದ ಕೋಶದ ಮೇಲಿನ ಗುರುತು ಹುಡುಕಿಕೊಂಡು ಹೋಗುವ ಪ್ರತಿಕಾಯ, ಅದರ ಬೆನ್ನಿಗೆ ಕಟ್ಟಿದ ವಿಷ, ಕೋಶದೊಳಗೆ ಹೋದಮೇಲಷ್ಟೇ ಬಿಚ್ಚಿಕೊಳ್ಳುವ ಗಂಟು. ಡಾಕ್ಟರು ಇದನ್ನು ವಿವರಿಸಿದಾಗ ನೀವು ಹೇಳಿದ್ದನ್ನು ನರ್ಸೊಬ್ಬರು ಅಂಚಿನಲ್ಲಿ ಹಾಗೇ ಬರೆದಿಟ್ಟಿದ್ದಾರೆ: “ಅಲ್ರೀ, ವಿಷಾನೂ ವಿಳಾಸ ಕೇಳ್ಕೊಂಡ ಹೊಕ್ಕೈತೇನ್ರಿ? ಹಂಗಾರ ನಮ್ಮ ಓಣಿ ಪೋಸ್ಟ್‌ಮನ್ನಗ ಒಂದ್ ಡೋಸ್ ಹಾಕ್ರಿ. ಎಲ್ಲಾರ ಕಾಗದಾನೂ ನಮ್ಮನ್ಯಾಗ ಒಗದ ಹೋಗ್ತಾನ.” ಒಬ್ಬಳೇ ಕೂತು ನಕ್ಕೆ, ನಗು ಕೆಮ್ಮಾಯಿತು.

ನೀಲವ್ವ, ನನಗೂ ಇದೇ ಕಾಯಿಲೆ. ನನ್ನ ಕಾಲದಲ್ಲಿ ಇದರಿಂದ ಹೆಚ್ಚಿನವರು ಸಾಯುವುದಿಲ್ಲ. ಆದರೆ ನನ್ನ ಕೋಶಗಳ ಗುರುತು ಹೊಸದು. ಇರುವ ಯಾವ ಮದ್ದಿಗೂ ಆ ವಿಳಾಸ ಗೊತ್ತಿಲ್ಲ. ಇನ್ನೂ ಯಾರಿಗೂ ಕೊಡದ ಒಂದು ಮದ್ದಿದೆ. ಅದರ ಒಪ್ಪಿಗೆಯ ಹಾಳೆ ಮೂರು ವಾರದಿಂದ ಸಹಿಯಿಲ್ಲದೆ ನನ್ನ ಮೇಜಿನ ಮೇಲಿದೆ. ಮದ್ದಿಗೆ ಹೆದರಿ ಅಲ್ಲ. ‘ಏನಾದರೂ ಆದರೆ ತಿಳಿಸಬೇಕಾದವರು’ ಎಂಬ ಸಾಲು ಖಾಲಿಯಿದೆ. “ಒಂದ್ ಹೆಸ್ರು ಬರಿಯಮ್ಮ, ಯಾರದಾದ್ರೂ ಸರಿ,” ಎನ್ನುತ್ತಾರೆ ನನ್ನ ಡಾಕ್ಟರು. ಇಲ್ಲಿ ಮನೆಗಳೇ ನಮ್ಮೊಡನೆ ಮಾತಾಡುತ್ತವೆ, ಮಾತ್ರೆಯ ಹೊತ್ತು ನೆನಪಿಸುತ್ತವೆ. ಇನ್ನೊಬ್ಬರ ಬಾಗಿಲು ತಟ್ಟುವ ಪ್ರಸಂಗವೇ ಬರುವುದಿಲ್ಲ. ಪಕ್ಕದ ಮನೆಯವರನ್ನು ನಾಲ್ಕು ವರ್ಷದಿಂದ ಒಗ್ಗರಣೆಯ ವಾಸನೆಯಿಂದಷ್ಟೇ ಬಲ್ಲೆ.

ನಿಮ್ಮ ಹಾಳೆಯಲ್ಲಿ ಅದೇ ಸಾಲಿನ ಮುಂದೆ, ಓರೆ ಅಕ್ಷರಗಳಲ್ಲಿ: “ನಾ ಹೋದಮ್ಯಾಲೆ ಈ ಜಡ್ಡ ಯಾರಿಗ್ ಬರ್ತೈತಿ, ಅವ್ರಿಗೆ ತಿಳಸ್ರಿ. ಉಪಯೋಗ ಆತೋ ಇಲ್ಲೋ, ನನಗೂ ಯಾರರ ಹೇಳ್ರಿ.”

ಯಾರೂ ಹೇಳಿರಲಾರರು. ಉಪಯೋಗ ಆಯಿತು, ನೀಲವ್ವ. ನಿಮಗೆ ಹದಿನಾಲ್ಕು ತಿಂಗಳು ಸಿಕ್ಕಿತು. ಎಂಟನೆಯ ತಿಂಗಳಲ್ಲಿ ಮದ್ದಿನಿಂದಲೇ ಏದುಸಿರು ಬಂದಾಗ ಕೆಲವು ದಿನ ನಿಲ್ಲಿಸಿ, ಪ್ರಮಾಣ ಇಳಿಸಿ ಕೊಟ್ಟರು. ನಿಮ್ಮಂಥ ಎಷ್ಟೋ ಜನರ ಏದುಸಿರಿನಿಂದಲೇ ಮುಂದಿನವರ ಅಳತೆ ಸಿಕ್ಕಿತು.

ಈಗ ಆ ಖಾಲಿ ಸಾಲಿನಲ್ಲಿ ‘ನೀಲವ್ವ ಪತ್ತಾರ, ಗದಗ’ ಎಂದು ಕೈಯಾರೆ ಬರೆದು ಸಹಿ ಹಾಕಿದೆ. ನಾಳೆ ಹತ್ತಕ್ಕೆ ಮೊದಲ ಡೋಸ್. ಇಂಥ ವಿಳಾಸವೇ ಇಲ್ಲವೆಂದು ಆಸ್ಪತ್ರೆಯವರು ಗೊಣಗಬಹುದು. ಗೊಣಗಲಿ. ನಿಮ್ಮ ಪೋಸ್ಟ್‌ಮನ್ ಎಲ್ಲರ ಕಾಗದವನ್ನೂ ನಿಮ್ಮ ಮನೆಗೇ ಒಗೆದು ಹೋಗುತ್ತಿದ್ದನಲ್ಲ.

ನಿಮ್ಮ,
ಕೌಮುದಿ