ಇದ್ದತ್ ಮುಗಿಸಿ ಅಳಿವೆಗೆ

ಅಕ್ಟೋಬರ್ 27

ಚಹಾ. ಸೊಸೆ ಅಲಿಯಾಳ ಮಿಕ್ಸಿ. ಕೆಳಗೆ ಶಿವಾಜಿನಗರದ ಗಲಾಟೆ. ಯಾರೋ ಬಾಗಿಲು ತಟ್ಟಿದರು. ಎದ್ದವಳು ಮತ್ತೆ ಕೂತೆ. ಹಬೀಬ್ ತೀರಿಕೊಂಡ ದಿನದಿಂದ ನಾನು ಇದ್ದತ್‌ನಲ್ಲಿದ್ದೇನೆ. ನಾಲ್ಕು ತಿಂಗಳು ಹತ್ತು ದಿನ ವಿಧವೆ ಹೊಸ್ತಿಲು ದಾಟುವಂತಿಲ್ಲ, ಬಾಗಿಲೂ ಅಲಿಯಾಳೇ ತೆಗೆಯಬೇಕು. ಬಲವಂತಕ್ಕೆ ಕೂತಿಲ್ಲ. ಹಬೀಬ್‌ಗಾಗಿ ಕೂತಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯುವುದೇ ಒಂದು ಸುಖ. ಈ ಮನೆಯಲ್ಲಿ ಬಸ್ ಬೋರ್ಡಿಗಿಂತ ಹೆಚ್ಚು ಕನ್ನಡ ಯಾರೂ ಓದುವುದಿಲ್ಲ.

ನಂದಿತಾ ಫೋನ್ ಮಾಡಿದ್ದಳು. ಹಲಸೂರಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದವಳು. ರಿಟೈರ್ಡ್ ಟೀಚರುಗಳೆಲ್ಲ ಹೊನ್ನಾವರಕ್ಕೆ ಹೊರಟಿದ್ದಾರಂತೆ. ಮೂರನೇ ತಾರೀಖು ಸಂಜೆ ಬಸ್ಸು, ನಾಲ್ಕಕ್ಕೆ ಇಡೀ ದಿನ ಬೋಟು, ಅಳಿವೆಯ ತನಕ.

"ನಿಂಗೆ ಬರಕ್ಕಾಗಲ್ವಲ್ಲ ಕಣೇ."

"ಲೆಕ್ಕ ಹಾಕಿ ಹೇಳ್ತೀನಿ."

ಅಳಿವೆ — ನದಿ ಸಮುದ್ರ ಸೇರುವ ಜಾಗ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದೆ. ಕಣ್ಣಾರೆ ಕಂಡಿಲ್ಲ. ಒಬ್ಬಳು ಹುಡುಗಿ ಕೇಳಿದ್ದಳು, "ಮಿಸ್, ಅಲ್ಲಿ ನೀರು ಸಿಹಿನಾ, ಉಪ್ಪಾ?" ಎರಡೂ ಎಂದು ಮುಂದಿನ ಪಾಠಕ್ಕೆ ಹಾರಿದ್ದೆ. ಗೊತ್ತಿರಲಿಲ್ಲ. ಆ ನಾಚಿಕೆ ಇನ್ನೂ ಇದೆ. ಈ ಮೊಣಕಾಲು ಮುಂದಿನ ವರ್ಷ ಬೋಟು ಹತ್ತುವುದಿಲ್ಲ.

ಅಕ್ಟೋಬರ್ 28

ಹೋಗುತ್ತೇನೆ ಎಂದೆ. ಮೈದುನ ಜಿಯಾವುಲ್ಲಾ ಗೋಡೆಯ ಕ್ಯಾಲೆಂಡರ್ ತೋರಿಸಿದ. ನವೆಂಬರ್ ಆರಕ್ಕೆ ಕೆಂಪು ಸುತ್ತು.

"ಆರಕ್ಕೆ ಮುಗಿಯೋದು ಭಾಬಿ. ನಾಲ್ಕಕ್ಕೆ ಹೆಂಗೆ ಹೋಗ್ತೀರಿ?"

"ನಿಮ್ಮ ಅಣ್ಣ ಹೋಗಿದ್ದು ಮೊಹರಂ ಒಂದಕ್ಕೆ. ಚಾಂದ್ ಲೆಕ್ಕ ಹಾಕು, ಚಂದ್ರನ ತಿಂಗಳು ಚಿಕ್ಕದು. ಎರಡನೇ ತಾರೀಖು ಸಂಜೆ ನಮಾಜು, ಮಗ್ರಿಬ್‌ಗೆ ಮುಗೀತದೆ."

ಅಂಗಡಿಯ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಇದ್ದತ್ ಎಣಿಸಿದ್ದಾನೆ, ಪುಣ್ಯಾತ್ಮ. ಅತ್ತೆ ಕಮರುನ್ನೀಸಾಗೆ ಎಂಬತ್ತಾರು. ಕಿವಿ ಕೇಳುವುದಿಲ್ಲ ಎಂದುಕೊಂಡಿದ್ದೆವು.

"ನಾನೂ ಕೂತಿದ್ದೆ," ಎಂದರು ಮೂಲೆಯಿಂದ. "ಚಾಂದ್ ನೋಡಿ ಎಣಿಸಿದ್ದೆ. ಅವಳ ಲೆಕ್ಕಾನೇ ಸರಿ."

ಜಿಯಾವುಲ್ಲಾ ತಲೆ ಕೆರೆದುಕೊಂಡ. "ಸರಿ ಇರಬಹುದು. ಆದ್ರೂ ಲೋಗಾಂ ಕ್ಯಾ ಬೋಲ್ತೆ, ಜನ ಏನಂತಾರೆ? ಇದ್ದತ್ ಮುಗಿಸೋಕೆ ಆರಕ್ಕೆ ಬನ್ನಿ ಅಂತ ಎಲ್ಲರಿಗೂ ಹೇಳಿದೀನಿ."

"ಆರಕ್ಕೆ ಮನೇಲಿರ್ತೀನಿ. ನಾಲ್ಕಕ್ಕೆ ಇರಲ್ಲ."

ನವೆಂಬರ್ 2, ಮಗ್ರಿಬ್ ಆದ ಮೇಲೆ

ಮುಗಿಯಿತು. ಅತ್ತೆ ತಲೆಯ ಮೇಲೆ ಕೈಯಿಟ್ಟರು. ಹಬೀಬ್ ನೆನಪಾಗಿ ಚೆನ್ನಾಗಿ ಅಳು ಬಂತು, ತಡೆಯಲಿಲ್ಲ. ಆಮೇಲೆ ಬ್ಯಾಗಿಗೆ ಎರಡು ಜೊತೆ ಬಟ್ಟೆ, ಮೊಣಕಾಲಿನ ಪಟ್ಟಿ.

ಜಿಯಾವುಲ್ಲಾ ಮಾತಾಡುತ್ತಿಲ್ಲ. ಆರೋಗ್ಯಕ್ಕೆ ಒಳ್ಳೆಯದು.

ನವೆಂಬರ್ 4, ಬೆಳಗ್ಗೆ 10, ಬೋಟಿನಲ್ಲಿ

ಅಕ್ಷರ ಕುಣಿಯುತ್ತಿದೆ, ಇಂಜಿನ್ ದೆಸೆಯಿಂದ. ನಾಲ್ಕು ತಿಂಗಳ ನಂತರ ಮುಖಕ್ಕೆ ಗಾಳಿ. ಎರಡೂ ಕಡೆ ಉಪ್ಪುನೀರಲ್ಲೇ ನಿಂತ ಕಾಂಡ್ಲಾ ಗಿಡಗಳು, ಬೇರುಗಳೆಲ್ಲ ಹೊರಗೆ. ನಂದಿತಾ ವಾಂತಿ ಮಾಡಿ ಮಲಗಿದ್ದಾಳೆ. ನನಗೇನೂ ಆಗಿಲ್ಲ.

ಮಗ ಮೊಹ್ಸಿನ್ ಫೋನ್. "ಅಮ್ಮೀ, ಜಿಯಾವುಲ್ಲಾ ಚಿಚ್ಚಾ ಕೋಪದಲ್ಲಿದ್ದಾರೆ. ಬೇಗ ಬಂದ್ಬಿಡಿ."

"ಇಲ್ಲಿ ಸಿಗ್ನಲ್ ಇಲ್ಲಪ್ಪ," ಎಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಮಧ್ಯಾಹ್ನ 3

ಅಳಿವೆ. ಬೋರ್ಡಿನ ಮೇಲೆ ಗೆರೆ ಎಳೆದಿದ್ದೆನಲ್ಲ, ಇಲ್ಲಿ ನದಿ, ಇಲ್ಲಿ ಸಮುದ್ರ ಅಂತ... ಇಲ್ಲಿ ಗೆರೆಯೇ ಇಲ್ಲ. ಬೆಳಗ್ಗೆ ಬೋಟು ಇಲ್ಲಿಂದಲೇ ನದಿಯೊಳಗೆ ಹೊರಟಾಗ ಬಗ್ಗಿ ನೀರು ಬಾಯಿಗೆ ಹಾಕಿಕೊಂಡಿದ್ದೆ, ಸಪ್ಪೆ. ಈಗ ಹಾಕಿಕೊಂಡರೆ ಉಪ್ಪು.

ಬೋಟಿನವನು ನಕ್ಕ. "ಭರತ ಬಂತಲ್ಲ ಅಮ್ಮಾ, ಸಮುದ್ರದ ನೀರು ಏರಿತು. ನಾಳೆ ಹುಣ್ಣಿಮೆ, ನೀರು ಜೋರು. ನಮ್ಮದೆಲ್ಲ ಚಂದ್ರನ ಲೆಕ್ಕ."

ಜಿಯಾವುಲ್ಲಾನನ್ನು ಇವನ ಹತ್ತಿರ ಟ್ಯೂಷನ್ನಿಗೆ ಕಳಿಸಬೇಕು. ಆ ಹುಡುಗಿ ಎಲ್ಲಿದ್ದಾಳೋ. ಸಿಕ್ಕರೆ ಹೇಳುತ್ತೇನೆ, ಎಷ್ಟು ಹೊತ್ತಿಗೆ ಎಂದು ಕೇಳಬೇಕಿತ್ತು ಕಣಮ್ಮ.

ನವೆಂಬರ್ 6, ಬೆಳಗ್ಗೆ 11

ನಿನ್ನೆ ಬಂದೆ. ಮೂಗಿನ ಸಿಪ್ಪೆ ಏಳುತ್ತಿದೆ, ಮುಖ ಸುಟ್ಟು ಕಪ್ಪು. ಅಲಿಯಾ ಪೌಡರ್ ತಂದಿಟ್ಟಿದ್ದಾಳೆ, ಬಂದವರಿಗೆ ಗೊತ್ತಾಗಬಾರದಂತೆ. ಹಚ್ಚಿಕೊಳ್ಳಲಿಲ್ಲ. ನೋಡಲಿ.

ಮೆಟ್ಟಿಲ ಮೇಲೆ ಹೆಜ್ಜೆ, ಬಹಳ ಜನ. ಜಿಯಾವುಲ್ಲಾನ ಕೆಮ್ಮು. ಬಾಗಿಲು ತಟ್ಟಿದರು. ಅಲಿಯಾ ಅಡುಗೆಮನೆಯಿಂದ ಓಡಿ ಬಂದಳು. ನಿಲ್ಲು ಎಂದೆ. ಈ ಬಾಗಿಲು ನಾನೇ ತೆಗೆಯುತ್ತೇನೆ.