ಎಕ್ಸ್‌ಚೇಂಜ್ ಸೇರಿದ ಮೇಲೆ

೧೨ ಜುಲೈ ೨೦೦೮, ಶನಿವಾರ

ಸೇರಿಬಿಟ್ಟೆವು! ಇವರ ಪುಟ್ಟ ಇಂಟರ್ನೆಟ್ ಕಂಪನಿ ಕೊನೆಗೂ ಇಂಟರ್ನೆಟ್ ಕಂಪನಿಗಳೆಲ್ಲ ತಮ್ಮ ಲೈನುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳುವ ಬೆಂಗಳೂರಿನ ಎಕ್ಸ್‌ಚೇಂಜ್ ಸೇರಿತು! ಗೌರಿಬಿದನೂರಿನಿಂದ ಇವರು ಕಳಿಸುವ ಮೇಲ್ ಇನ್ನು ಇಷ್ಟು ದಿನದಂತೆ ಸಿಂಗಪುರ ಸುತ್ತಿ ಬರದೆ, ಬೆಂಗಳೂರಿನಿಂದಲೇ ತಿರುಗಿ ತೊಂಡೇಬಾವಿಯ ತವರಿನಲ್ಲಿರುವ ನನಗೆ ತಲುಪುತ್ತದೆ.

"ರೀ, ಪಾರ್ಟಿ ಯಾವಾಗ?" ಎಂದು ಫೋನಿನಲ್ಲೇ ಕುಣಿದೆ.

"ಪಾರ್ಟಿ ಎಲ್ಲಿ ಬಂತು ಕಣೇ. ಸೇರೋಷ್ಟರಲ್ಲಿ ಗಿರಾಕಿಗಳು ಹೆಚ್ತಾರೆ ಅಂದ್ಕೊಂಡಿದ್ದೆ, ಹೆಚ್ಚಲಿಲ್ಲ. ಎಕ್ಸ್‌ಚೇಂಜ್‌ನಿಂದ ಉಳಿಯೋ ದುಡ್ಡಿಗಿಂತ ಬೆಂಗಳೂರಿನವರೆಗಿನ ಲೈನ್ ಬಾಡಿಗೇನೇ ಜಾಸ್ತಿ. ಮಂಗಳವಾರ ನಮ್ಮ ಕಂಪನೀನ ದೊಡ್ಡ ಕಂಪನಿಯೋರಿಗೆ ಮಾರ್ಬಿಡ್ತೀನಿ."

ತಾವೇ ಕಂಬ ಹತ್ತಿ ಊರಿಗೆಲ್ಲ ಕೇಬಲ್ ಎಳೆದವರು. ಅಷ್ಟು ಹೇಳಿ ಫೋನ್ ಇಟ್ಟರು. ನನಗೆ ಅಳು ನಿಲ್ಲುತ್ತಿಲ್ಲ.

"ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಮ್ಮ," ಎಂದು, ಗೌರಿಬಿದನೂರಿಗೆ ಹೊರಟೆನೆಂದ ನನ್ನನ್ನು ಅಮ್ಮ ತಡೆದಳು. ಅತ್ತೆಯ ಮನೆಗೆ ಹೋಗುವುದಿಲ್ಲ. ನೇರ ಇವರ ಆಫೀಸಿಗೆ ಹೋಗಿ, ಇವರು ಸಹಿ ಹಾಕುವಾಗ ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ. ಮಂಗಳವಾರ, ಬೆಳಗಿನ ಹಿಂದೂಪುರ ಪ್ಯಾಸೆಂಜರ್.